ತಿಂಗಳಿನದೇ ಇರಲಿ

ವೆಬ್‌ಸೈಟಿನ ಬಿಟ್ಟಿ ಪ್ಲಾನಿನಲ್ಲಿ ಮಾಡಿದ ಪುಟ ತೆರೆದುಕೊಂಡ ಕೂಡಲೇ ಅಕ್ಕ ತಂಗಿ ಇಬ್ಬರೂ ಲ್ಯಾಪ್‌ಟಾಪಿನ ಮುಂದೆ ಬಾಗಿದರು. ಮೇಲೆ ಅವರು ಕಟ್ಟಿದ ವಿಗ್ಗಿನ ಚಿತ್ರ ಅಚ್ಚುಕಟ್ಟಾಗಿ ಬಂದಿತ್ತು. ಅದರ ಕೆಳಗೆ, ಕರೆಯದೆ ಬಂದು ಕೂತ ನೆಂಟನ ಹಾಗೆ, ಒಂದು ಜಾಹೀರಾತು ಮಿನುಗುತ್ತಿತ್ತು: ಈ ಎಣ್ಣೆ ಹಚ್ಚಿ, ಬೋಳು ತಲೆಯಲ್ಲೂ ಕೂದಲು ಬೆಳೆಸಿಕೊಳ್ಳಿ.

"ಚೆನ್ನಾಯ್ತು," ಎಂದಳು ಅಕ್ಕ. "ನಮ್ಮ ಬಾಗಿಲಲ್ಲೇ ನಿಂತು ನಮ್ಮ ಗಿರಾಕೀನ ಆಚೆ ಕಳಿಸ್ತಾನೆ."

"ಬಿಟ್ಟಿ ಅಲ್ವಾ ಅಕ್ಕ. ಅವನೂ ಹೊಟ್ಟೆ ಹೊರೀಬೇಕು."

"ಹೊರೀಲಿ. ನಮ್ಮ ತಲೆ ಮೇಲೆ ಕೂತು ಬೇಡ. ಮುಂದಿನದು ಓದು."

ಮಧ್ಯಾಹ್ನದ ಬಿಡುವಿನ ಹೊತ್ತು. ಕಿಟಕಿಯ ಬಳಿ ಮರದ ತಲೆಯೊಂದಿತ್ತು. ಅದಕ್ಕೆ ಬಿಗಿದ ತೆಳು ಬಲೆಯಲ್ಲಿ ಅರ್ಧ ಕಟ್ಟಿದ ಕೂದಲು. ಒಂದೊಂದೇ ಎಳೆಯನ್ನು ಕೊಕ್ಕೆಸೂಜಿಯಿಂದ ಎಳೆದು ಗಂಟು ಹಾಕುವ ಕೆಲಸ ಅದು. ಅಕ್ಕ ಕತ್ತಿನ ಕಡೆಯಿಂದ, ತಂಗಿ ಹಣೆಯ ಕಡೆಯಿಂದ ಕಟ್ಟುತ್ತ ಬಂದು ನೆತ್ತಿಯಲ್ಲಿ ಕೂಡುತ್ತಿದ್ದರು. ಯಾರ ಗಂಟು ಎಲ್ಲಿ ಮುಗಿದು ಯಾರದು ಎಲ್ಲಿ ಶುರುವಾಯಿತೆಂದು ತೊಟ್ಟವರಿಗೂ ತಿಳಿಯುತ್ತಿರಲಿಲ್ಲ. ಕಾಯಿಲೆಯಲ್ಲಿ ಕೂದಲು ಕಳೆದುಕೊಂಡವರು ಅಂಗಡಿಯ ಮೆಟ್ಟಿಲು ಹತ್ತಲು ಅಂಜುತ್ತಾರೆ, ಮನೆಯಲ್ಲೇ ಕೂತು ನೋಡುವಂತಾಗಲಿ ಎಂದು ವೆಬ್‌ಸೈಟಿನ ಮಾತು ತೆಗೆದವಳು ತಂಗಿ.

ಅಕ್ಕ ಪ್ಲಾನುಗಳನ್ನು ಕೂದಲು ಕೊಳ್ಳುವ ಹಾಗೆಯೇ ನೋಡಿದಳು. ವ್ಯಾಪಾರಿ ತಂದ ಜಡೆಯನ್ನು ಹೊಳಪು ಕಂಡು ಕೊಂಡವಳಲ್ಲ ಅವಳು. ಬುಡದಿಂದ ತುದಿಯವರೆಗೆ ಬೆರಳಾಡಿಸಿ, ನಾಲ್ಕು ಸಲ ತೊಳೆದ ಮೇಲೆ ಇದರ ಗತಿ ಏನು ಎಂದು ಕೇಳುವವಳು.

"ಇದು ಸಣ್ಣ ಪ್ಲಾನು," ತಂಗಿ ಓದಿದಳು. "ಜಾಹೀರಾತು ಇರಲ್ಲ. ವಿಳಾಸ ನಮ್ಮದೇ ಹೆಸರಲ್ಲಿ. ಮೊದಲ ವರ್ಷ ತುಂಬಾ ಅಗ್ಗ."

"ಎರಡನೇ ವರ್ಷ?"

ತಂಗಿ ಪುಟದ ತಳಕ್ಕಿಳಿದು ಇರುವೆ ಗಾತ್ರದ ಅಕ್ಷರಗಳನ್ನು ಹುಡುಕಿದಳು. "ಎರಡೂವರೆ ಪಟ್ಟು."

"ನೋಡಿದ್ಯಾ, ಹೊಳಪು ಸವರಿದ ಜಡೆ. ಆ ದೊಡ್ಡದು?"

"ಅದರಲ್ಲಿ ಸಾವಿರ ಸಾಮಾನು ಮಾರಬಹುದಂತೆ."

"ತಿಂಗಳಿಗೆ ಒಂದು ಕಟ್ಟೋದ್ರೊಳಗೆ ನಮ್ಮಿಬ್ಬರ ಕತ್ತು ಬಿದ್ದುಹೋಗುತ್ತೆ. ಸಾವಿರ ಕಟ್ಟೋಕೆ ನಮ್ಮಜ್ಜಿ ಎದ್ದು ಬರಬೇಕು."

ಉಳಿದದ್ದು ನಡುವಿನ ಪ್ಲಾನು. ಗಿರಾಕಿಗಳು ಅಳತೆಗೆ ಬರುವ ಹೊತ್ತನ್ನು ಅದರಲ್ಲೇ ಗೊತ್ತುಮಾಡಿಕೊಳ್ಳಬಹುದಿತ್ತು. ವರ್ಷ ತಿರುಗಿದರೂ ಬೆಲೆ ಏರುವುದಿಲ್ಲವೆಂದು ಎದ್ದು ಕಾಣುವ ಅಕ್ಷರದಲ್ಲೇ ಬರೆದಿತ್ತು. ಅಕ್ಕ ತಲೆದೂಗಿದಳು. ಹಣ ಕಟ್ಟುವುದಕ್ಕೆ ಎರಡು ದಾರಿ. ತಿಂಗಳು ತಿಂಗಳು ಕಟ್ಟಬಹುದು, ಇಲ್ಲವೇ ಮೂರು ವರ್ಷದ್ದನ್ನು ಒಟ್ಟಿಗೆ ಕಟ್ಟಿದರೆ ಅರ್ಧಕ್ಕರ್ಧ ಉಳಿತಾಯ. ಯೋಚಿಸುವುದಕ್ಕೆ ಏನೂ ಇರಲಿಲ್ಲ.

"ತಿಂಗಳಿನದೇ ಇರಲಿ," ಎಂದಳು ತಂಗಿ.

ಅಕ್ಕ ತಿರುಗಿ ನೋಡಿದಳು. ಒಂದು ಹೇರ್‌ಪಿನ್ನಿಗೂ ಚೌಕಾಸಿ ಮಾಡುವ ತಂಗಿ ಎರಡರಷ್ಟು ತೆರಲು ಸಿದ್ಧಳಾಗಿದ್ದಳು; ಕಣ್ಣು ಮಾತ್ರ ಪರದೆ ಬಿಟ್ಟು ಏಳಲಿಲ್ಲ.

"ಎಲ್ಲಿಗೆ ಹೊರಟಿದ್ದೀಯ?"

ತಂಗಿ ಮಡಿಲಲ್ಲಿ ಬಿದ್ದಿದ್ದ ಕೂದಲೆಳೆಯೊಂದನ್ನು ತೆಗೆದು ಬೆರಳಿಗೆ ಸುತ್ತಿಕೊಂಡಳು. "ಅವತ್ತು ಅಳತೆ ಕೊಡೋಕೆ ಬಂದಿದ್ರಲ್ಲ, ದೋಣಿ ರಿಪೇರಿ ಮಾಡೋರು..."

"ಯಾರು, ಮೂರು ವಿಗ್ಗು ಇಟ್ಟು ನೋಡಿ, ಕನ್ನಡಿ ಮುಂದೆ ನಕ್ಕು, ಒಂದೂ ಬೇಡ ಅಂತ ಎದ್ದುಹೋದೋನಾ?"

"ಹೂಂ. ಮದುವೆಯಾಗೋಣ, ನಮ್ಮೂರಿಗೆ ಬಾ ಅಂತಾರೆ."

"ನಿನಗೆ ವಯಸ್ಸೆಷ್ಟು?"

"ನಿನಗಿಂತ ಆರು ಕಮ್ಮಿ."

"ಒಂದು ಕಾಸಿನ ವ್ಯಾಪಾರ ಕೊಡಲಿಲ್ಲ ಅವನು."

"ಅದಕ್ಕೇ ಇಷ್ಟ ಆಯ್ತು ಅಕ್ಕ." ತಂಗಿ ಬೆರಳಿಗೆ ಸುತ್ತಿದ ಎಳೆಯನ್ನು ಬಿಚ್ಚುತ್ತ ಹೇಳಿದಳು, "ನಾನು ಹೋದ್ಮೇಲೆ ನೀನೊಬ್ಬಳೇ ಅಂಗಡಿ ನಡೆಸ್ತೀಯೋ, ಮುಚ್ತೀಯೋ. ಮೂರು ವರ್ಷದ ದುಡ್ಡು ದಂಡ ಆಗಬಾರದು ಅಂತ ತಿಂಗಳಿನದು ಅಂದೆ."

ಅಕ್ಕನಿಗೆ ಸಿಟ್ಟು ಬರಲಿಲ್ಲ. ದೇವರು ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಏನನ್ನಾದರೂ ದಾಟಿಸುವಾಗ ಕಳೆದುಕೊಳ್ಳುವವರ ಒಪ್ಪಿಗೆ ಕೇಳುವುದಿಲ್ಲ ಎಂಬುದನ್ನು ಅವಳು ಎಷ್ಟೋ ಬೋಳು ತಲೆಗಳ ಅಳತೆ ತೆಗೆಯುತ್ತ ಕಂಡುಕೊಂಡಿದ್ದಳು. ಅವಳು ಲ್ಯಾಪ್‌ಟಾಪನ್ನು ತನ್ನ ಕಡೆಗೆ ಎಳೆದುಕೊಂಡು, ಒಂದೇ ಬೆರಳಲ್ಲಿ, ಮೂರು ವರ್ಷದ್ದನ್ನು ಒತ್ತಿದಳು.

"ಅಕ್ಕ, ನಾನು ಹೇಳಿದ್ದು..."

"ಹೋಗಬೇಡ ಅಂದೆನಾ ನಾನು? ಹೋಗು, ಚೆನ್ನಾಗಿರು. ನಾನೆಲ್ಲಿಗೂ ಹೋಗಲ್ಲವಲ್ಲ. ಅರ್ಧ ದುಡ್ಡು ಅವರಿಗ್ಯಾಕೆ ಬಿಡಲಿ?"

ಹಣ ಸಂದಾಯವಾಯಿತು. ಪರದೆಯ ಮೇಲೆ ತುಂಬಬೇಕಾದ ಖಾಲಿ ಪುಟ ಮೂಡಿತು. 'ನಮ್ಮ ಬಗ್ಗೆ' ಎಂಬ ತಲೆಬರಹದ ಕೆಳಗೆ, ಫೋಟೋ ಹಾಕುವುದಕ್ಕೆಂದು ಎರಡು ಬಿಳಿಯ ವೃತ್ತಗಳು ಪಕ್ಕಪಕ್ಕದಲ್ಲಿದ್ದವು.

"ಇದರಲ್ಲಿ ಒಂದನ್ನ ತೆಗೆಯೋದು ಹೇಗೆ?" ಅಕ್ಕ ಕೇಳಿದಳು.

ತಂಗಿ ಮೂಲೆಯಲ್ಲಿದ್ದ ಸಣ್ಣ ಅಡ್ಡಗೀಟಿನ ಗುರುತನ್ನು ತೋರಿಸಿದಳು. ಅಕ್ಕ ಒತ್ತಿದಳು. ಒಂದು ವೃತ್ತ ಮಾಯವಾಯಿತು. ಉಳಿದದ್ದು ಕ್ಷಣಹೊತ್ತು ಇದ್ದಲ್ಲೇ ಇದ್ದು, ಆಮೇಲೆ, ಇಬ್ಬರೂ ನೋಡುತ್ತಿದ್ದ ಹಾಗೆ, ಯಾರೂ ಮುಟ್ಟದೆ ತಾನಾಗಿಯೇ ಸರಿದು ಪುಟದ ನಡುವೆ ಬಂದು ನಿಂತಿತು.