ಮೊಳೆಯಲ್ಲಿರದ ಚಾವಿ

ಬೆನ್ನ ಹಿಂದೆ ಬಾಗಿಲ ಲ್ಯಾಚ್ ಟಪ್ಪೆಂದು ಬಿದ್ದರೆ ಈಗಲೂ ವರ್ತಕ ನಗರದ ನಮ್ಮ ಹಳೆಯ ಮನೆಯ ಆ ಮಧ್ಯಾಹ್ನ ನೆನಪಾಗುತ್ತದೆ. ನನಗೆ ಐದು ವರ್ಷ, ತಮ್ಮ ತೊಟ್ಟಿಲ ಕೂಸು. ಬೆಳಗಿನಿಂದ ಅವನು ಅಳು ನಿಲ್ಲಿಸಿರಲಿಲ್ಲ, ನಾನು ಅಮ್ಮನ ನೈಟಿ ಬಿಟ್ಟಿರಲಿಲ್ಲ. ಅಮ್ಮ ಕಸದ ಡಬ್ಬ ಇಡಲು ಹೊರಗೆ ಹೋದಳು. ಬಾಗಿಲು ಮುಚ್ಚಿಕೊಂಡಿತು.

"ಅಮ್ಮಾ, ಬಾಗಿಲು ತೆಗಿ!" ಬಡಿದೆ. ಮೇಲಿನ ಲ್ಯಾಚ್ ನನ್ನ ಕೈಗೆ ಎಟುಕುತ್ತಿರಲಿಲ್ಲ.

"ಲ್ಯಾಚ್ ಬಿತ್ತು ಮಗಾ, ಚಾವಿ ಒಳಗೇ ಉಂಟು. ಪಕ್ಕದ ಮನೆಯವರು ಬರ್ಲಿ. ನೀನು ತಮ್ಮನನ್ನು ತೂಗು."

ಯಾವಾಗಲೂ ಚಾವಿ ತೂಗುಹಾಕುವ ಗೋಡೆಯ ಮೊಳೆಯಲ್ಲಿ ಅದು ಇರಲಿಲ್ಲ. ತೊಟ್ಟಿಲು ತೂಗಿದೆ, ಓಡಿ ಬಂದು ಬಡಿದೆ, ಮತ್ತೆ ತೂಗಿದೆ. ನೆಲಕ್ಕೆ ಕೆನ್ನೆ ಹಚ್ಚಿ ಬಾಗಿಲ ಸಂದಿಯಲ್ಲಿ ನೋಡಿದರೆ, ಮೆಟ್ಟಿಲ ಬಳಿ ಕೂತ ಅಮ್ಮನ ಪಾದಗಳು ಅಲ್ಲಾಡದೆ ಚಾಚಿಕೊಂಡಿದ್ದವು.

ತಮ್ಮ ಅತ್ತೂ ಅತ್ತೂ ನಿದ್ದೆಹೋದ. ಆಮೇಲೆ ಹೊರಗಿನಿಂದ ಬಾಗಿಲು ತೆರೆಯಿತು. ಅಮ್ಮನ ಕರಿಮಣಿಯ ಪಿನ್ನಿನಲ್ಲಿ ಚಾವಿ ತೂಗುತ್ತಿತ್ತು.