ಜೋಡಿ ಲೆಕ್ಕ

ಮೊದಲ ಏಟು ಡ್ರೈವರ್ ಅಜ್ಜಪ್ಪನ ಕಿವಿಯ ಮೇಲೆ ಬಿತ್ತು. ಎರಡನೆಯದು ಬೀಳುವ ಹೊತ್ತಿಗೆ ಅವನು ಬಸ್ಸಿನ ಮೆಟ್ಟಿಲಿನಿಂದ ಜಾರಿ ಶಾಲೆಯ ಗೇಟಿನ ಮುಂದೆ ಮಣ್ಣು ಮುಕ್ಕಿದ್ದ. ಮಕ್ಕಳನ್ನು ಹರಿಹರಕ್ಕೆ ಪ್ರವಾಸ ಕರೆದೊಯ್ದ ಬಸ್ಸು ನಿಜಲಿಂಗಪ್ಪ ಬಡಾವಣೆಗೆ ಮರಳಿ ಹತ್ತು ನಿಮಿಷವೂ ಆಗಿರಲಿಲ್ಲ.

"ನನ್ನ ಮಗಳೆಲ್ಲಿ?" ಎಂದ ಅಂಜನಕುಮಾರ. ಅವನು ಸೊಂಟದ ಬೆಲ್ಟ್ ಬಿಚ್ಚಿದ್ದು ಯಾರ ಕಣ್ಣಿಗೂ ಬೀಳಲಿಲ್ಲ, ಅಷ್ಟು ಸಲೀಸು. ತುದಿಯನ್ನು ಅಂಗೈಗೆ ಎರಡು ಸುತ್ತು ಸುತ್ತಿ, ಬಕಲ್ ಜೋತಾಡುವಂತೆ ಹಿಡಿದಿದ್ದ. "ಬೆಳಿಗ್ಗೆ ನಾನೇ ಬೈಕ್‌ನಾಗೆ ತಂದು ಇದೇ ಗೇಟಿನತ್ರ ಬಿಟ್ಟೀನಿ. ಎಲ್ಲಿ ಹಾಕಿ ಬಂದೆ, ಬೊಗಳು."

"ನನಗೇನ್ ಗೊತ್ರಿ ಸಾರ್, ನಾನು ಗಾಡಿ ಓಡ್ಸೋನು."

ಬಕಲ್ ಬಾಯಿಗೆ ಬಡಿಯಿತು. ಅಜ್ಜಪ್ಪ ಒಂದು ಹಲ್ಲು ಉಗುಳಿದ.

ಏಳನೇ ತರಗತಿಯ ಮುಸರತ್ ಮಿಸ್ ನಡುವೆ ನುಗ್ಗಲು ಹೋದರು. ಯಾರೋ ಪೋಷಕರು ಅವರನ್ನು ಪಕ್ಕಕ್ಕೆ ತಳ್ಳಿದರು. ತಳ್ಳದೆ ಇನ್ನೇನು ಮಾಡುತ್ತಾರೆ? ಅರವತ್ತು ಮಕ್ಕಳನ್ನು ಕರೆದುಕೊಂಡು ಹೋಗಿ ಐವತ್ತೊಂಬತ್ತು ಮಕ್ಕಳನ್ನು ತಂದ ಟೀಚರಿಗೆ ಮಾತಾಡಲು ಮುಖವಿರಲಿಲ್ಲ.

ಲೆಕ್ಕ ತಪ್ಪಿದ್ದಾದರೂ ಎಲ್ಲಿ? ಜೋಡಿ ಲೆಕ್ಕ ಅವರದೇ ಉಪಾಯ. ಒಂದು ಸೀಟಿಗೆ ಇಬ್ಬರು. ಮಿಸ್ ಸೀಟಿನ ನಂಬರ್ ಕೂಗಿದರೆ ಜೋಡಿಯಲ್ಲಿ ಒಬ್ಬರು ಕೈಯೆತ್ತಿ "ಇಬ್ರೂ ಇದೀವಿ ಮಿಸ್" ಎನ್ನಬೇಕು. ಮಕ್ಕಳು ಒಬ್ಬರಿಗೊಬ್ಬರು ಆಗುವುದನ್ನು ಕಲಿಯಲಿ ಎಂದು ಮಾಡಿದ್ದು. ಮನೆಮನೆಗೆ ಹೋಗುವ ಶಾಲೆಯ ತಿಂಗಳ ಪತ್ರಿಕೆ ಅದನ್ನು ಹೊಗಳಿ ಬರೆದಿತ್ತು. ಹೊರಡುವಾಗ, ಹರಿಹರೇಶ್ವರನ ಗುಡಿಯಲ್ಲಿ, ಹೊಳೆದಂಡೆಯ ಊಟಕ್ಕೆ, ಮರಳುವಾಗ, ಹೀಗೆ ನಾಲ್ಕು ಸಲ ಕೂಗಿದ್ದರು. ಹನ್ನೊಂದನೇ ಜೋಡಿ ಸನೋಬರ್ ಮತ್ತು ಭಾಗ್ಯಲಕ್ಷ್ಮಿ. ನಾಲ್ಕು ಸಲವೂ ಸನೋಬರ್ ಕೈಯೆತ್ತಿದ್ದಳು. ನಾಲ್ಕು ಸಲವೂ ಮಿಸ್ ಪೋಷಕರ ವಾಟ್ಸಾಪ್ ಗುಂಪಿಗೆ "ಅರವತ್ತು ಮಕ್ಕಳೂ ಕ್ಷೇಮ" ಎಂದು ಹಾಕಿದ್ದರು.

ಎರಡು ಗಂಟೆಗೆ ಅಂಜನಕುಮಾರ ಗುಂಪಿನಲ್ಲಿ ಕೇಳಿದ್ದ, ಫೋಟೋಗಳಲ್ಲಿ ನಮ್ಮ ಭಾಗ್ಯ ಕಾಣುತ್ತಿಲ್ಲವಲ್ಲ ಮೇಡಂ ಎಂದು. ಮಿಸ್ ಸನೋಬರಳನ್ನು ಕೇಳಿದರೆ, "ಕೈ ತೊಳಿಯಾಕೆ ಹೋಗ್ಯಾಳ್ರಿ" ಎಂದಳು. ಇದ್ದಾಳೆ ಸಾರ್ ಎಂದು ಉತ್ತರ ಹೋಯಿತು. ಈ ಮನುಷ್ಯನಿಗೆ ಮಗಳ ಮೇಲೆ ಎಷ್ಟು ನಿಗಾ ಎಂದು ಮಿಸ್ ಆಗ ಮೆಚ್ಚಿಕೊಂಡಿದ್ದರು. ಭಾಗ್ಯಳೂ ನಿಗಾ ಬೇಕಾಗುವಂತೆಯೇ ಇದ್ದಳು, ತಿಂಗಳಿಗೆರಡು ಸಲ ಜ್ವರ, ದಾವಣಗೆರೆಯ ಬೇಸಿಗೆಯಲ್ಲೂ ತುಂಬುತೋಳಿನ ಸ್ವೆಟರ್.

"ಊಟದ ಹೊತ್ನಾಗೆ ಇವನು ಒಬ್ನೇ ಬಸ್ ತಗಂಡು ಒಂದು ತಾಸು ಹೋಗಿದ್ದನಂತೆ," ಎಂದಿತು ಗೇಟಿನ ಮುಂದೆ ನೆರೆದ ಗುಂಪಿನಿಂದ ಒಂದು ದನಿ.

"ಪಂಚರ್ ಹಾಕ್ಸಾಕ್ರಿ," ಎಂದ ಅಜ್ಜಪ್ಪ, ರಕ್ತ ತುಂಬಿದ ಬಾಯಲ್ಲಿ.

ಅಷ್ಟರಲ್ಲಿ ಯಾರೋ ಬಸ್ಸಿನ ಹನ್ನೊಂದನೇ ಸೀಟಿನ ಕೆಳಗಿಂದ ಭಾಗ್ಯಳ ಬ್ಯಾಗು ಎಳೆದು ತಂದರು. ಬುತ್ತಿಯ ಡಬ್ಬಿ ತೆರೆದೇ ಇರಲಿಲ್ಲ. ಅಲ್ಲಿಗೆ ಗುಂಪಿನ ತಲೆ ಕೆಟ್ಟಿತು. ಬೆಳಿಗ್ಗೆ ಅಜ್ಜಪ್ಪನಿಗೆ ಚಹಾ ಕೊಡಿಸಿದ್ದವರೇ ಅವನ ಪಕ್ಕೆಗೆ ಒದ್ದರು. ತಡೆಯಲು ಎತ್ತಿದ ಕೈಯನ್ನು ಒಬ್ಬ ಬೂಟುಗಾಲಲ್ಲಿ ತುಳಿದ. ಮೂಳೆ ಮುರಿದ ಸದ್ದು ಮಕ್ಕಳಿಗೂ ಕೇಳಿಸಿತು.

"ಮಿಸ್, ಟೈಮ್ ಎಷ್ಟಾತ್ರಿ?" ಸನೋಬರ್ ಮುಸರತ್ ಮಿಸ್ ಸೆರಗು ಜಗ್ಗಿದಳು.

"ಐದೂ ನಲವತ್ತು. ಸುಮ್ನಿರು." ಮುಸರತ್ ಮಿಸ್‌ಗೆ ಮೈ ಉರಿಯಿತು. ಇಲ್ಲಿ ಒಬ್ಬನ ಜೀವ ಹೋಗುತ್ತಿದೆ, ಇವಳಿಗೆ ಮನೆಯ ಆತುರ.

ಇನ್ನು ನೋಡಲಾಗದೆ ಅವರು ಅಜ್ಜಪ್ಪನ ಮೇಲೆ ಅಡ್ಡ ಬಿದ್ದರು. ಬೆಲ್ಟ್ ನಿಲ್ಲಲಿಲ್ಲ. ಅವರ ಬೆನ್ನಿಗೆ ಒಂದು ಬಿತ್ತು. ರವಿಕೆ ಹರಿಯಲಿಲ್ಲ, ರಕ್ತ ಬರಲಿಲ್ಲ, ಆದರೆ ಉಸಿರು ಕಟ್ಟಿತು. ಮಗಳನ್ನು ಕಳೆದುಕೊಂಡವನ ಸಂಕಟ ಎಂದುಕೊಂಡು ಹಲ್ಲು ಕಚ್ಚಿದರು.

"ಮಗೀನ ತಾಯಿಗಾದ್ರೂ ತಿಳಿಸ್ರಪ್ಪ," ಎಂದಳು ಗೇಟಿನ ಬಳಿ ನಿಂತಿದ್ದ ಒಬ್ಬ ಮುದುಕಿ.

"ಮಧ್ಯಾಹ್ನದಿಂದ ಫೋನ್ ಸ್ವಿಚ್ ಆಫ್ ಐತೆ," ಎಂದ ಅಂಜನಕುಮಾರ. "ಎಲ್ಲಿ ಸತ್ತಳೋ."

ಪೊಲೀಸರು ಬಂದು ಲಾಠಿ ಬೀಸಿದ ಮೇಲೆ ಗುಂಪು ಸರಿಯಿತು. ಅಜ್ಜಪ್ಪನನ್ನು ಆಂಬುಲೆನ್ಸಿಗೆ ಹಾಕಿದರು. ಉಸಿರಿತ್ತು. ಮುಸರತ್ ಮಿಸ್ ಸೀರೆಯ ಮೇಲೆ ಅವನ ರಕ್ತ ಹೊತ್ತುಕೊಂಡೇ ಇನ್ಸ್‌ಪೆಕ್ಟರ್ ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟರು. ಕೊನೆಗೆ ಇನ್ಸ್‌ಪೆಕ್ಟರ್ ಹನ್ನೊಂದನೇ ಜೋಡಿಯ ಹುಡುಗಿಯನ್ನು ಕರೆಸಿದರು.

"ಬಸ್ಸಲ್ಲಿ ಭಾಗ್ಯಲಕ್ಷ್ಮಿ ನಿನ್ನ ಪಕ್ಕದಾಗೆ ಕುಂತಿದ್ಲೇನಮ್ಮಾ?"

ಸನೋಬರ್ ಇನ್ಸ್‌ಪೆಕ್ಟರ ಕೈಗಡಿಯಾರ ನೋಡಿದಳು. "ಆರು ಗಂಟೆ ಆತಾ ಸಾರ್?"

"ಆರೂ ಹತ್ತು."

ಹುಡುಗಿ ಬೆಳಗಿನಿಂದ ಹಿಡಿದಿಟ್ಟಂತಿದ್ದ ಉಸಿರು ಬಿಟ್ಟಳು. "ಮಿಸ್ ಒಬ್ರಿಗೇ ಹೇಳ್ತೀನ್ರಿ."

ಮುಸರತ್ ಮಿಸ್ ಅವಳನ್ನು ಕಾಂಪೌಂಡಿನ ಮೂಲೆಗೆ ಕರೆದೊಯ್ದು ಬಾಗಿದರು.

"ಅವಳು ಬಸ್ಸೇ ಹತ್ತಿಲ್ರಿ," ಎಂದು ಪಿಸುಗುಟ್ಟಿದಳು ಸನೋಬರ್. "ಅವ್ರಪ್ಪ ಬಿಟ್ಟು ಹೋದ ಮ್ಯಾಲೆ ಬ್ಯಾಗು ನನ್ ಕೈಗೆ ಕೊಟ್ಟು ರೈಲ್ವೆ ಸ್ಟೇಷನ್‌ಗೆ ಹೋದ್ಲು. ಅವ್ರಮ್ಮ ಅಲ್ಲಿ ಕಾಯ್ತಿದ್ರು. ಆರು ಗಂಟೆಗೆ ಅವರ ರೈಲು ದೂರದ ಊರು ಮುಟ್ಟುತ್ತೆ, ಅಲ್ಲೀಗಂಟ ಯಾರಿಗೂ ಹೇಳಬ್ಯಾಡ ಅಂತ ಆಣೆ ಹಾಕಿಸ್ಕಂಡಿದ್ಲು."

ಮಿಸ್‌ಗೆ ಸಿಟ್ಟು ನೆತ್ತಿಗೇರಿತು. "ಒಬ್ಬ ಮನುಷ್ಯ ಸಾಯಂಗೆ ಬಿದ್ದಿದ್ದ. ಆಗಲಾದರೂ ಬಾಯಿ ಬಿಡಬಾರದಿತ್ತೇನೆ?"

ಸನೋಬರ್ ಗೇಟಿನ ಕಡೆ ನೋಡಿದಳು. ಅಲ್ಲಿ ಅಂಜನಕುಮಾರ ಬಕಲ್ ಒರೆಸಿಕೊಂಡು, ಬೆಲ್ಟನ್ನು ಸೊಂಟಕ್ಕೆ ಏರಿಸುತ್ತಿದ್ದ.

"ಮನೇಲಿ ದಿನಾ ಅದೇ ಬೆಲ್ಟಂತ್ರಿ ಮಿಸ್, ಭಾಗ್ಯನಿಗೂ, ಅವ್ರಮ್ಮನಿಗೂ."