ಕೃಷ್ಣಪ್ಪನವರ ಕರೆಗಂಟೆ

ಮೊದಲೇ ಕ್ಷಮೆ ಕೇಳಿಬಿಡುತ್ತೇನೆ. ಫ್ರಾವ್ ಸೆಲಿಗ್ಮಾನ್ ಅವರ ಎಂಬತ್ತೈದು ವರ್ಷಗಳ ಬದುಕನ್ನು ಹೇಳಬೇಕಾದವರು ಅವರ ಮಕ್ಕಳು. ನಾನು ಮೇಲಿನ ಮಹಡಿಯಲ್ಲಿ ಒಂದೂವರೆ ವರ್ಷ ಇದ್ದವಳು, ಅಷ್ಟೆ. ಸಂಜೆ ತರಗತಿಯಲ್ಲಿ ಕಲಿತ ನನ್ನ ಜರ್ಮನ್‌ಗೆ ಅವರ ಮಾತಿನಲ್ಲಿ ಅರ್ಧ ದಕ್ಕಿದ್ದರೆ ಹೆಚ್ಚು. ಆದರೆ ಕರೆಗಂಟೆಯ ಸಂಗತಿ ಮಕ್ಕಳಿಗೆ ಗೊತ್ತಿರಲಿಲ್ಲ.

ಅವರ ಅಂತ್ಯಕ್ರಿಯೆಯ ಮರುದಿನ ನಾನೂ ನನ್ನ ಗಂಡ ತೇಜಸ್ವಿಯೂ ಚಿತ್ರಾನ್ನದ ಡಬ್ಬಿ ಹಿಡಿದು ಕೆಳಗೆ ಹೋದೆವು. ತುಂಬು ಬಸುರಿ ಸಾವಿನ ಮನೆಗೆ ಹೋಗಬೇಡವೆಂದು ಅಮ್ಮ ಫೋನಿನಲ್ಲಿ ಹೇಳಿದ್ದಳು. ಹೋಗದಿರಲು ಮನಸ್ಸು ಒಪ್ಪಲಿಲ್ಲ. ಯೆಹೂದಿಗಳಲ್ಲಿ ಸಾವಿನ ಮನೆಯ ಬಾಗಿಲಿಗೆ ಏಳು ದಿನ ಬೀಗವಿಲ್ಲವಂತೆ. ಬರುವವರು ಗಂಟೆ ಒತ್ತದೆ ಒಳಗೆ ಬರಬೇಕು. ಅದಕ್ಕಾಗಿ ಕಟ್ಟಡದ ಬೀದಿಬಾಗಿಲಿಗೂ ಮರದ ತುಂಡು ಕೊಟ್ಟು ತೆರೆದಿಟ್ಟಿದ್ದರು. ಆ ತೆರೆದ ಬಾಗಿಲಿಗೆ ಬೆನ್ನು ಕೊಟ್ಟು ಕೂರಲು ನನ್ನಿಂದ ಆಗಲಿಲ್ಲ.

ಹೈಫಾದಿಂದ ಬಂದಿದ್ದ ಮಗಳು ಮಿರ್ಯಾಮ್ ನಮ್ಮನ್ನೇ ಕೇಳಿದರು. "ಅಮ್ಮನ ಬೆಲ್ ಮೇಲೆ ಇನ್ನೊಂದು ಹೆಸರಿದೆ. ಕೃಷ್ಣಪ್ಪ. ಅಮ್ಮನ ಜೊತೆ ಯಾರಾದರೂ ಇದ್ದರಾ? ನಮ್ಮಣ್ಣ ಬೆಳಿಗ್ಗೆಯಿಂದ ಗಂಡಸರ ಶೂ ಹುಡುಕುತ್ತಿದ್ದಾನೆ."

"ಅದು ನಮ್ಮಪ್ಪ," ಅಂದ ತೇಜಸ್ವಿ.

"ಎಲ್ಲಿದ್ದಾರೆ?"

"ತಿಪಟೂರಲ್ಲಿ. ಅವರಿಗೆ ಪಾಸ್‌ಪೋರ್ಟೂ ಇಲ್ಲ."

ಮಿರ್ಯಾಮ್ ನಗಲೋ ಬೇಡವೋ ಎಂಬಂತೆ ನೋಡಿದರು. ನಾನು ಹೇಳಬೇಕಾಯಿತು.

ಇಲ್ಲಿ ಬೆಲ್ ಮೇಲೆ ಮನೆತನದ ಹೆಸರು ಇರಲೇಬೇಕು. ತೇಜಸ್ವಿಗೆ ಅಂಥದ್ದಿಲ್ಲ. ಐಟಿಯವರಿಗೆ ಜರ್ಮನಿ ಕೊಡುತ್ತಿದ್ದ ಗ್ರೀನ್ ಕಾರ್ಡಿಗೆ ಅಪ್ಪನ ಹೆಸರನ್ನೇ ಕೊಟ್ಟು ಹ್ಯಾನೋವರ್‌ಗೆ ಬಂದವನು. ಮಾವನ ಹೆಸರನ್ನು ಬಾಯಿಬಿಟ್ಟು ಹೇಳಬಾರದೆಂದು ಕಲಿತು ಬೆಳೆದ ನಾನು ಇಲ್ಲಿ ಫ್ರಾವ್ ಕೃಷ್ಣಪ್ಪ, ಅಂದರೆ ಶ್ರೀಮತಿ ಕೃಷ್ಣಪ್ಪ, ಆದೆ. ನಾವು ಬಂದ ಮೇಲಿನ ಎರಡನೆಯ ನವೆಂಬರಿನಲ್ಲಿ, ಐದು ಗಂಟೆಗೇ ಕತ್ತಲಾಗುವ ಒಂದು ಸಂಜೆ, ನಾನೊಬ್ಬಳೇ ಇದ್ದಾಗ ಗಂಟೆ ಬಾರಿಸಿತು. ಬೀದಿಬಾಗಿಲಲ್ಲಿ ನಿಂತವರ ಮಾತು ಕೇಳಿಸುವ ಗೋಡೆಯ ಸ್ಪೀಕರಿನಿಂದ ಗಂಡುದನಿ: "ಕೃಷ್ಣಪ್ಪ, ಮನೆಗೆ ಹೋಗು." ಜೋರಿಲ್ಲ, ಸಿಟ್ಟಿಲ್ಲ. ಮರೆತದ್ದನ್ನು ನೆನಪಿಸುವ ಹಾಗಿತ್ತು. ಮತ್ತೊಂದು ಸಂಜೆಯೂ ಅದೇ. ಆಮೇಲೆ ಒಂದು ಬೆಳಿಗ್ಗೆ ನೋಡಿದರೆ, ಅಷ್ಟೂ ಹೆಸರುಗಳ ನಡುವೆ ನಮ್ಮದೊಂದನ್ನೇ ಯಾರೋ ಲೈಟರಿನಿಂದ ಸುಟ್ಟಿದ್ದರು.

"ಅಪ್ಪನ್ನ ಏಕವಚನದಲ್ಲಿ ಕರೀತಾನಲ್ಲೇ," ಎಂದು ತೇಜಸ್ವಿ ನಗಲು ನೋಡಿದ. ಆಗಲಿಲ್ಲ. "ಫ್ರಾಂಕ್‌ಫರ್ಟ್‌ಗೆ ಟ್ರಾನ್ಸ್‌ಫರ್ ಕೇಳ್ತೀನಿ. ಅಲ್ಲಿ ನಮ್ಮೋರು ಇದಾರೆ."

"ಅಲ್ಲೂ ಬೆಲ್ ಮೇಲೆ ಇದೇ ಹೆಸರು ತಾನೆ? ನನ್ನ ಊರಿಗೆ ಕಳ್ಸಿಬಿಡಿ. ಮಗು ಅಲ್ಲೇ ಹುಟ್ಟಲಿ."

ಅವನು ಸ್ಕ್ರೂಡ್ರೈವರ್ ಹಿಡಿದು ಹೆಸರು ಕೀಳುತ್ತಿದ್ದಾಗ ಫ್ರಾವ್ ಸೆಲಿಗ್ಮಾನ್ ತರಕಾರಿಯ ಗಾಲಿಚೀಲ ಎಳೆದುಕೊಂಡು ಬಂದರು. ಪಕ್ಕದಲ್ಲಿ ನಾನಿದ್ದೆ.

"ನಮ್ಮಪ್ಪನೂ ತೆಗೆದಿದ್ದ," ಅಂದರು. "ಇದೇ ಊರಲ್ಲಿ, ನಾಜಿಗಳ ಕಾಲದಲ್ಲಿ, ಅಡುಗೆಮನೆಯ ಚಾಕುವಿನಿಂದ ಕೆರೆದು. ಇಡೀ ಬೀದಿಯಲ್ಲಿ ಹೆಸರಿಲ್ಲದ ಬಾಗಿಲು ಅದೊಂದೇ ಆಯಿತು. ಹುಡುಕಿ ಬಂದವರಿಗೆ ಸುಲಭವಾಯಿತು."

ಅವರು ಹಿಡಿದೊಯ್ದ ಅಪ್ಪ ಮರಳಲಿಲ್ಲ. ಆಗ ಇಪ್ಪತ್ತೆರಡು ವರ್ಷದ ಹುಡುಗಿಯಾಗಿದ್ದ ಫ್ರಾವ್ ಸೆಲಿಗ್ಮಾನ್ ತಾಯಿಯನ್ನೂ ಇಬ್ಬರು ತಮ್ಮಂದಿರನ್ನೂ ಕಟ್ಟಿಕೊಂಡು ಹಡಗಿನಲ್ಲಿ ಶಾಂಘೈಗೆ ಹೋದರು. ಊರವರ ಬಟ್ಟೆಗೆ ಇಸ್ತ್ರಿ ಹಾಕಿ ತಮ್ಮಂದಿರನ್ನು ದಡ ಸೇರಿಸಿದರು, ಮೂರು ಮಕ್ಕಳನ್ನು ಹೆತ್ತರು, ಗಂಡನನ್ನು ಅಲ್ಲೇ ಮಣ್ಣು ಮಾಡಿದರು. ಆಮೇಲೆ, ಎಲ್ಲರೂ ಬೇಡವೆಂದರೂ, ಇದೇ ಊರಿಗೆ ಮರಳಿ ಬಂದರು. ಯಾಕೆ ಬಂದಿರಿ ಎಂದು ನಾನೊಮ್ಮೆ ಕೇಳಿದ್ದೆ. "ಬಾಗಿಲ ಮೇಲೆ ಹೆಸರು ಹಾಕುವುದಿತ್ತು," ಅಂದಿದ್ದರು.

ಮರುದಿನ ನಮ್ಮ ಬೆಲ್ ಮೇಲೆ ಮ್ಯುಲ್ಲರ್ ಎಂಬ ಅಪ್ಪಟ ಜರ್ಮನ್ ಹೆಸರಿತ್ತು. ಅವರ ನಡುಗುವ ಕೈಬರಹ.

"ಈ ದೇಶದಲ್ಲಿ ಮ್ಯುಲ್ಲರ್‌ಗೆ ಮನೆಗೆ ಹೋಗು ಅಂತ ಯಾರೂ ಹೇಳಿಲ್ಲ," ಎಂದರು.

"ಮತ್ತೆ ಕೃಷ್ಣಪ್ಪ?"

"ನನ್ನ ಜೊತೆ ಇರಲಿ. ಬರುವವನು ಮೊದಲು ನನ್ನ ಹತ್ತಿರ ಮಾತಾಡಲಿ."

ಅಂದಿನಿಂದ ನಮ್ಮ ಗಂಟೆಗೆ ಆ ದನಿ ಬರಲಿಲ್ಲ. ನಾನು ಊರಿಗೆ ಹೊರಡಲೂ ಇಲ್ಲ. ಆದರೆ ಹೆದರಿಕೆ ಹೋಗಿರಲಿಲ್ಲ. ಮೆಟ್ಟಿಲಲ್ಲಿ ಸಿಕ್ಕಾಗಲೆಲ್ಲ ಕೇಳುತ್ತಿದ್ದೆ, ಯಾರಾದರೂ ಬಂದಿದ್ದರಾ? ಅವರದು ಒಂದೇ ಉತ್ತರ. "ಯಾರೂ ಇಲ್ಲ. ನೀನು ಹೊಟ್ಟೆ ತುಂಬ ಊಟ ಮಾಡು."

ಇಷ್ಟು ಹೇಳಿ ಮುಗಿಸಿದಾಗ ಮಿರ್ಯಾಮ್ ತಾಯಿಯ ಕುರ್ಚಿಯ ಕಡೆ ನೋಡುತ್ತಿದ್ದರು. ಆಗ ಗಂಟೆ ಬಾರಿಸಿತು.

ಆ ಏಳು ದಿನ ಯಾರೂ ಗಂಟೆ ಒತ್ತಬೇಕಾಗಿರಲಿಲ್ಲ. ತೇಜಸ್ವಿ ನನ್ನ ಮುಂದೆ ಬಂದು ನಿಂತ. ಸ್ಪೀಕರಿನಲ್ಲಿ ಗಂಡುದನಿ. ಅದೇ ದನಿಯೆಂದು ನನಗನ್ನಿಸಿತು. ಆಣೆ ಮಾಡಿ ಹೇಳಲಾರೆ.

"ಅಜ್ಜಿ, ಕೃಷ್ಣಪ್ಪ ಇನ್ನೂ ಹೋಗಲಿಲ್ವಾ?"

ಮಿರ್ಯಾಮ್ ಎದ್ದು ಹೋಗಿ ಗುಂಡಿ ಒತ್ತಿದರು.

"ಅಜ್ಜಿ ಇಲ್ಲ. ನಾನು ಮಗಳು. ಬಾಗಿಲು ತೆರೆದಿದೆ, ಒಳಗೆ ಬಾ."

ಸ್ಪೀಕರಿನಲ್ಲಿ ಉಸಿರು ಕೇಳಿಸಿತು. ಆಮೇಲೆ ಅದೂ ಇಲ್ಲ. ನಾವೆಲ್ಲ ತೆರೆದ ಬಾಗಿಲನ್ನೇ ನೋಡುತ್ತ ನಿಂತೆವು. ಯಾರೂ ಬರಲಿಲ್ಲ.

ಆ ಚಳಿಗಾಲದಲ್ಲಿ ಅವನು ಎಷ್ಟು ಸಲ ಬಂದಿದ್ದ, ಒಬ್ಬರೇ ಇರುತ್ತಿದ್ದ ಫ್ರಾವ್ ಸೆಲಿಗ್ಮಾನ್ ಪ್ರತಿ ಸಲ ಅವನಿಗೆ ಏನು ಹೇಳಿ ಕಳಿಸುತ್ತಿದ್ದರು, ನನಗೆ ಗೊತ್ತಿಲ್ಲ.